ಸೋರುತ್ತಿದ್ದುದು ಎಲ್ಲಿಂದ?

ನಮ್ಮ ತಂದೆಯವರು ತೀರಿಕೊಂಡಾಗ ನಮ್ಮ ಪಾಲಿಗೆ ಬಂದದ್ದು ಒಂದು ಬಿಳಿ ಅಂಬಾಸಿಡರ್ ಕಾರು. ತೊಂಬತ್ತರ ದಶಕದ ಗಾಡಿ. ಅದನ್ನು ತಯಾರಿಸುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ 2014ರಲ್ಲಿ ನಿಂತುಹೋದ ಮೇಲೆ, "ಮಾರಿಬಿಡಿ ಫಾದರ್" ಎಂದವರೇ ಹೆಚ್ಚು. ನಾವು ಮಾರಲಿಲ್ಲ. ತಿರುಪ್ಪೂರಿನಲ್ಲಿದ್ದ ವರ್ಷಗಳಲ್ಲಿ ಅದನ್ನು ಗುರುಮನೆಯ ಬೇವಿನ ಮರದಡಿ ನಿಲ್ಲಿಸಿಕೊಂಡಿದ್ದೆವು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಕೊಳ್ಳೇಗಾಲದ ಕಡೆಯ ನಮ್ಮ ಹಳ್ಳಿಗೆ ಅದರಲ್ಲೇ ಪ್ರಯಾಣ. 1956ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತಲ್ಲವೇ? ನಮ್ಮ ಅಜ್ಜನ ಕಾಲದವರು ಜಿಲ್ಲಾ ಕಚೇರಿಗೆಂದು ಇಳಿದುಬರುತ್ತಿದ್ದ ಸೀಮೆಗೆ ನಾವು ಕೆಲಸಕ್ಕೆಂದು ಬಂದಿದ್ದೆವು, ಅಷ್ಟೆ.

ಆ ಕಾರಿನ ಬಾನೆಟ್ ಎತ್ತಿದರೆ ಎರಡು ಪುಟ್ಟ ಡಬ್ಬಿಗಳು ಕಾಣುತ್ತವೆ, ಬ್ರೇಕಿಗೊಂದು, ಕ್ಲಚ್ಚಿಗೊಂದು. ಎರಡರಲ್ಲೂ ತಿಳಿಹಳದಿ ಬಣ್ಣದ ಬ್ರೇಕ್ ಆಯಿಲ್. ಒಂದು ದಿನ ಬ್ರೇಕಿನ ಡಬ್ಬಿಯ ಸುತ್ತ ತೇವ ಕಂಡಿತು, ಅದರ ಕೆಳಗಿನ ಬಣ್ಣ ಗುಳ್ಳೆಯೆದ್ದು ಸುಲಿಯತೊಡಗಿತ್ತು. ಮುಚ್ಚಳದಿಂದ ಸೋರುತ್ತಿದೆ ಎಂದು ತೀರ್ಮಾನಿಸಿದೆವು. ಸೈಕಲ್ ಟ್ಯೂಬ್ ಕತ್ತರಿಸಿ ಒಂದು ವಾಷರ್ ಮಾಡಿದೆವು. ಮುಚ್ಚಳದ ನೆತ್ತಿಯಲ್ಲಿದ್ದ ಸೂಜಿಯಷ್ಟು ರಂಧ್ರಕ್ಕೆ ಅಂಟು ಮೆತ್ತಿದೆವು. ಆಮೇಲೂ ಮಟ್ಟ ಇಳಿಯಿತು. ಇಳಿದಾಗಲೆಲ್ಲ ಶೆಡ್ಡಿನಲ್ಲಿ ಇಟ್ಟಿದ್ದ ಬಾಟಲಿಯಿಂದ ಕಂಠಪೂರ್ತಿ ತುಂಬಿಸುತ್ತಿದ್ದೆವು. ಒಂದು ವರ್ಷ ಹೀಗೇ ನಡೆಯಿತು. ಅವ್ವ ಒಮ್ಮೆ, "ಅದೇನು ಸ್ವಾಮಿ, ಹಸುಗೂಸಿಗೆ ಹಾಲು ಹೊಯ್ದಂಗೆ ದಿನಾ ಹೊಯ್ತೀಯ?" ಎಂದು ಕೇಳಿದ್ದರು. "ಹಳೇ ಗಾಡಿ ಅವ್ವ, ಹಂಗೇ" ಎಂದಿದ್ದೆವು.

ಮೇ ತಿಂಗಳ ರಜೆಯಲ್ಲಿ ಅವ್ವನನ್ನೂ ತಂಗಿಯ ಇಬ್ಬರು ಮಕ್ಕಳನ್ನೂ ಕರೆದುಕೊಂಡು ತಿರುಪ್ಪೂರಿಗೆ ಹೊರಟೆವು. ಚಾಮರಾಜನಗರ, ಹಾಸನೂರು ದಾಟಿದರೆ ದಿಂಬಂ ಘಾಟಿ. ಬನ್ನಾರಿಗೆ ಇಳಿಯುವಷ್ಟರಲ್ಲಿ 27 ಹೇರ್‌ಪಿನ್ ತಿರುವುಗಳು. ಮುಂದೆ ಲಾರಿ, ಹಿಂದೆ ಲಾರಿ, ಬ್ರೇಕಿನ ಮೇಲಿಂದ ಕಾಲು ತೆಗೆಯುವಂತಿಲ್ಲ. ಹತ್ತು ಹನ್ನೆರಡು ತಿರುವು ಕಳೆದಿರಬಹುದು, ಪೆಡಲು ಮೆತ್ತಗಾಯಿತು. ಇನ್ನೊಮ್ಮೆ ಒತ್ತಿದರೆ ನೆಲ ಮುಟ್ಟಿತು. ಎರಡನೇ ಗೇರಿನಲ್ಲಿದ್ದುದು ನಮ್ಮ ಪುಣ್ಯ. ಪೆಡಲನ್ನು ಪಟಪಟನೆ ತುಳಿದು, ಹ್ಯಾಂಡ್ ಬ್ರೇಕ್ ಎಳೆದು, ಬೆಟ್ಟದ ಕಡೆಯ ಚರಂಡಿಗೆ ಎಡಚಕ್ರ ಇಳಿಸಿ ನಿಲ್ಲಿಸಿದೆವು. ಮಕ್ಕಳಿಗೆ ಅದೊಂದು ಆಟದಂತೆ ಕಂಡಿತು. ಅವ್ವ ಮಾತ್ರ ಮಾತಾಡಲಿಲ್ಲ. ಕೈಚೀಲ ತೆಗೆದುಕೊಂಡು ಇಳಿದರು, ಮಕ್ಕಳನ್ನು ಇಳಿಸಿಕೊಂಡರು, ಕೈಯೊಡ್ಡಿ ಸರ್ಕಾರಿ ಬಸ್ಸು ನಿಲ್ಲಿಸಿ ಸತ್ಯಮಂಗಲಕ್ಕೆ ಹೋದರು. ಕಾರು ಮಾರನೆಯ ದಿನ ಇನ್ನೊಂದು ವಾಹನದ ಬೆನ್ನೇರಿ ತಿರುಪ್ಪೂರು ಸೇರಿತು.

ಅಲ್ಲಿ ನಮಗೆ ಸಿಕ್ಕ ಮೇಸ್ತ್ರಿ ದೇವಾಂಗದವರು. ಆ ಸೀಮೆಯ ಎಷ್ಟೋ ನೇಕಾರ ಮನೆಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಒಂದು ಹಿಡಿ ಬನಿಯನ್ ವೇಸ್ಟ್ ತೆಗೆದುಕೊಂಡರು. ತಿರುಪ್ಪೂರಿನಲ್ಲಿ ಅದಕ್ಕೇನು ಬರ? ಡಬ್ಬಿ, ಪೈಪು, ಜೋಡಣೆ ಎಲ್ಲವನ್ನೂ ಒರೆಸಿ ಒಣಗಿಸಿದರು. ಒಂದೊಂದು ಜೋಡಣೆಯ ಕೆಳಗೂ ಬಿಳಿ ತುಂಡೊಂದನ್ನು ಸಿಕ್ಕಿಸಿದರು. "ಸಾಮಿ, ಪೆಡಲ್ ಒತ್ತಿ ಒತ್ತಿ ಬಿಡಿ. ಬಟ್ಟೆ ಸುಳ್ಳು ಹೇಳಲ್ಲ" ಎಂದರು.

ಮುಚ್ಚಳದ ಕೆಳಗಿನ ಬಟ್ಟೆ ಒಣಗಿಯೇ ಇತ್ತು! ಅಲ್ಲಿ ಚೆಲ್ಲುತ್ತಿದ್ದುದು ನಾವೇ ಮೇಲಿನ ಗೆರೆ ದಾಟಿಸಿ ತುಂಬುತ್ತಿದ್ದ ಆಯಿಲ್, ಬಿಸಿಗೆ ಹಿಗ್ಗಿ ಹೊರಬರುತ್ತಿತ್ತು. ನಾವು ಅಂಟು ಮೆತ್ತಿದ್ದ ರಂಧ್ರ ಕಂಡು ಅವರು ನಕ್ಕರು. ಆಯಿಲ್ ಇಳಿದಂತೆ ಗಾಳಿ ಒಳಬರಬೇಕು, ಅದಕ್ಕೆಂದೇ ಇರುವ ಮೂಗಿನ ಹೊಳ್ಳೆ ಅದು.

ಕ್ಲಚ್ಚಿನದು ಬೇರೆಯೇ ಕಥೆ. ಆ ಡಬ್ಬಿಯ ಸುತ್ತ ಹನಿಯಿಲ್ಲ, ಪೆಡಲಿನ ಮೇಲ್ಭಾಗಕ್ಕೆ ಕಟ್ಟಿದ ಬಟ್ಟೆ ಒದ್ದೆ. ಮಾಸ್ಟರ್ ಸಿಲಿಂಡರಿನ ಹಿಂದಿನ ರಬ್ಬರ್ ಸವೆದರೆ, ಆಯಿಲ್ ತಳ್ಳುಸಲಾಕೆಯ ಗುಂಟ ಕಾರಿನೊಳಕ್ಕೇ ಇಳಿಯುತ್ತದೆ. ಕಾಲಡಿಯ ಆ ಒದ್ದೆಯನ್ನು ನಾವು ಕೊಡೆಯ ನೀರೆಂದುಕೊಂಡಿದ್ದೆವು.

ನಿಜವಾದ ಅಪರಾಧಿ ಇದ್ದದ್ದು ಹಿಂದಿನ ಎಡಚಕ್ರದಲ್ಲಿ. ಡ್ರಮ್ ಕಳಚಿದಾಗ ಲೈನಿಂಗೆಲ್ಲ ನೆನೆದಿತ್ತು. ವೀಲ್ ಸಿಲಿಂಡರಿನ ಒಳಗೋಡೆ ತುಕ್ಕು ತಿಂದು ಕುಳಿ ಬಿದ್ದಿತ್ತು. ಬ್ರೇಕಿನ ಡಬ್ಬಿ ಖಾಲಿಯಾಗುತ್ತಿದ್ದುದು ಅಲ್ಲಿಂದ. ಕಣ್ಣಿಗೆ ಕಂಡ ಒಂದು ತೇವಕ್ಕೆ ಎಲ್ಲ ತಪ್ಪನ್ನೂ ಹೊರಿಸಿ ನಾವು ನಿಶ್ಚಿಂತರಾಗಿದ್ದೆವು.

ಇನ್ನೊಂದು ತಪ್ಪು ನಮ್ಮ ಬಾಟಲಿಯದು. ಬ್ರೇಕ್ ಆಯಿಲ್ ಎಂದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ, ಗಾಳಿಯಲ್ಲಿನ ನೀರನ್ನು ಹೀರುತ್ತದೆ, ಕಾರಿನ ಬಣ್ಣವನ್ನು ಕೀಳುತ್ತದೆ. (ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಬೇಕು. ಅದರ ಬದಲಿಗೆ ಇಂಜಿನ್ ಆಯಿಲ್ ಹಾಕಿದರೆ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ.) ಡಾಟ್ 4 ದರ್ಜೆಯದು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ರ ಹತ್ತಿರಕ್ಕೆ ಇಳಿಯಬಹುದು. ವರ್ಷವಿಡೀ ಮುಚ್ಚಳ ಸಡಿಲವಾಗಿದ್ದ ಬಾಟಲಿಯ ಆಯಿಲ್ ಘಾಟಿಯ ಕಾವಿಗೆ ಕುದಿದು ಪೈಪಿನಲ್ಲಿ ಆವಿಯಾಗಿರಬೇಕು ಎಂದರು ಮೇಸ್ತ್ರಿ. ದ್ರವವನ್ನು ಅಮುಕಲಾಗದು, ಆವಿಯನ್ನು ಅಮುಕಬಹುದು, ಪೆಡಲು ನೆಲ ಮುಟ್ಟಿದ್ದು ಹಾಗೆ. ಗುರುಮಠದಲ್ಲಿ ನಾವು ಪಾಸ್ಕಲನನ್ನು ತತ್ವಜ್ಞಾನಿಯೆಂದೇ ಓದಿದ್ದೆವು. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದ ಅದೇ ಪಾಸ್ಕಲ್ ನಮ್ಮ ಪಾದದಡಿಯಲ್ಲೇ ಇದ್ದ.

ವೀಲ್ ಸಿಲಿಂಡರೂ ನೆನೆದ ಲೈನಿಂಗೂ ಹೊಸವು ಬಂದವು. ಕ್ಲಚ್ಚಿನ ಸಿಲಿಂಡರ್ ಒಳಗೆ ನುಣ್ಣಗಿದ್ದುದರಿಂದ ರಬ್ಬರ್ ಕಿಟ್ ಹಾಕಿದರೆ ಸಾಕಾಯಿತು. ಹಳೆಯ ಆಯಿಲನ್ನೆಲ್ಲ ತೆಗೆದು, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ ಗಾಳಿ ಬಿಟ್ಟರು. ಪೆಡಲ್ ತುಳಿಯುವ ಕೆಲಸ ನಮ್ಮದು. "ಒತ್ತಿ... ಹಿಡೀರಿ... ಬಿಡಿ ಸಾಮಿ" ಎಂದು ಕೆಳಗಿನಿಂದ ಕೂಗು. ಬಾಟಲಿಯಲ್ಲಿ ಮುಳುಗಿಸಿದ ನಳಿಕೆಯಿಂದ ಗುಳ್ಳೆ ಬರುವುದು ನಿಲ್ಲುವವರೆಗೆ ಒಂದು ಗಂಟೆ ಹೀಗೇ. ಕಾಲು ಎರಡು ದಿನ ನೋಯಿತು.

ಅವ್ವ ಊರಿಗೆ ಮರಳಿದ್ದು ಬಸ್ಸಿನಲ್ಲಿ. ನಾವು ಕರೆದರೂ ಕಾರು ಹತ್ತಲಿಲ್ಲ. ನಾಲ್ಕು ತಿಂಗಳ ಮೇಲೆ, ಮಾತೆ ಮರಿಯಳ ಜನನದ ಹಬ್ಬಕ್ಕೆ ಊರಿಗೆ ಹೋದಾಗ, ಪೂಜೆಗೆ ಹೋಗಲು ಕಾರಿನ ಬಳಿ ಬಂದರು. "ಅದನ್ನ ಎತ್ತು" ಎಂದರು. ಬಾನೆಟ್ ಎತ್ತಿದೆವು. ಸೀಟಿನ ಮೇಲಿದ್ದ ಬನಿಯನ್ ತುಂಡು ತೆಗೆದುಕೊಂಡು ಎರಡೂ ಡಬ್ಬಿಗಳ ಕೆಳಗೆ ಒರೆಸಿದರು, ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ನಾಲ್ಕೂ ಚಕ್ರಗಳ ಹತ್ತಿರ ಬಗ್ಗಿ ನೋಡಿ, ಬಟ್ಟೆಯನ್ನು ಮಡಿಸಿ ನಮ್ಮ ಕೈಗೆ ಕೊಟ್ಟು, ಮುಂದಿನ ಸೀಟಿನಲ್ಲಿ ಕುಳಿತರು.