ಪತ್ರದ ಪತ್ತು

ನಮ್ಮ ಕಡೆಯ ವ್ಯಾಪಾರಸ್ಥರ ಬಾಯಲ್ಲಿ ‘ಪತ್ತು’ ಎಂಬ ಒಂದು ಸಣ್ಣ ಮಾತುಂಟು. ಒಬ್ಬನಿಗೆ ಹೊಲಮನೆಗಳಿರಬಹುದು, ಕೈಯಲ್ಲಿ ಹಣವೂ ಇರಬಹುದು. ಆದರೆ ಪೇಟೆಯಲ್ಲಿ ಪತ್ತು ಇಲ್ಲವಾದರೆ ಒಂದು ಚೀಲ ಜೋಳವೂ ಅವನಿಗೆ ಉದ್ರಿಯಾಗಿ ದೊರೆಯದು. ಮತ್ತೊಬ್ಬನ ಕೈ ಬರಿದಾಗಿದ್ದರೂ ‘ಅವರು ಹೇಳಿ ಕಳಿಸಿದ್ದಾರೆ’ ಎಂಬಷ್ಟರಿಂದಲೇ ಅಂಗಡಿಕಾರನು ತೂಗಿ ಕೊಡುವನು. ಪತ್ತು ಎಂಬುದು ಆಡಿದ ಮಾತನ್ನು ಅನೇಕ ಸಲ ನಡೆಯಿಸಿದ್ದರಿಂದ ಹುಟ್ಟತಕ್ಕದ್ದು. ಬೇಡಿದರೆ ಬಾರದು, ಕೊಂಡರೆ ಸಿಕ್ಕದು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ, ನಮ್ಮ ದೇಶದಲ್ಲಿಯೇ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರಿ ಸಂಘಕ್ಕೆ ಈ ಮಾತೇ ಹೆಸರೂ ಆಯಿತು, ಬಂಡವಲವೂ ಆಯಿತು. ಇದೇ ಪತ್ತಿನ ಲೆಕ್ಕವು ಈಗ ಪೇಟೆಯನ್ನು ದಾಟಿ ಪತ್ರವ್ಯವಹಾರಕ್ಕೂ ಬಂದಿರುವದೆಂಬುದನ್ನು ವಾಚಕರಿಗೆ ಅರಿಕೆ ಮಾಡಿಕೊಳ್ಳಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ಇಲ್ಲಿ ನಾನು ಪತ್ರವೆಂದು ಹೇಳುತ್ತಿರುವದು ಈ-ಮೇಲಿಗೆ. ಸಾಲೆಯ ನೌಕರಿಯಿಂದ ನಿವೃತ್ತನಾಗಿ ಕಾಖಂಡಕಿಯಲ್ಲಿ ನೆಲೆಸಿದ ತರುವಾಯ, ನಮ್ಮ ಸಂಘದ ಸಭಾಸೂಚನೆಗಳನ್ನು ಸದಸ್ಯರಿಗೆ ಮುಟ್ಟಿಸುವ ಕೆಲಸದಲ್ಲಿ ಕಾರ್ಯದರ್ಶಿಗಳಿಗೆ ನೆರವಾಗುತ್ತ ಬಂದಿರುವೆನು. ಮೊದಲು ಕಾರ್ಡುಗಳ ಮೇಲೆ ವಿಳಾಸ ಬರೆದು ಟಪಾಲಿನ ಪೆಟ್ಟಿಗೆಗೆ ಹಾಕುತ್ತಿದ್ದೆವು. ಈಗ ಸುಮಾರು 400 ಜನ ಸದಸ್ಯರ ಈ-ಮೇಲ್ ವಿಳಾಸಗಳ ಯಾದಿಯೊಂದು ಗಣಕಯಂತ್ರದಲ್ಲಿರುವದು. ಒಮ್ಮೆ ಗುಂಡಿಯನ್ನೊತ್ತಿದರೆ ಎಲ್ಲರಿಗೂ ಪತ್ರ ಹೊರಡುವದು. ಹೊರಡುವದೆಂದು ಹೇಳಿದೆನಲ್ಲದೆ ಮುಟ್ಟುವದೆಂದು ಹೇಳಲಿಲ್ಲ. ಹೊರಡುವದಕ್ಕೂ ಮುಟ್ಟುವದಕ್ಕೂ ನಡುವೆ ಎಷ್ಟು ಚೌಕಿಗಳಿರುವವೆಂಬುದು ನನಗೆ ತಿಳಿದುಬಂದದ್ದು ಒಂದು ಮನಸ್ತಾಪದ ಮೂಲಕ.

ಪಾಠಶಾಲೆಯಲ್ಲಿ ನನ್ನೊಡನೆ ಲಘುಕೌಮುದಿಯನ್ನು ಓದಿದ ಗೆಳೆಯರೊಬ್ಬರು ಸಂಘದ ಹಳೆಯ ಸದಸ್ಯರು. ಈಗ ಪುಣೆಯಲ್ಲಿ ಮಗಳ ಮನೆಯಲ್ಲಿರುವರು. ಒಂದು ವರುಷ ಅವರು ಸಭೆಗೆ ಬರುವದೂ ನಿಂತಿತು, ಪತ್ರ ಬರೆಯುವದೂ ನಿಂತಿತು. ಫೋನಿನಲ್ಲಿ ಮಾತನಾಡಿಸಿದರೆ ಎರಡು ಮಾತಿಗೆ ಮುಗಿಸುವರು. ಕೊನೆಗೆ ಒಂದು ಮದುವೆಯಲ್ಲಿ ಭೆಟ್ಟಿಯಾದಾಗ, “ಅಲ್ಲೋ, ನೀವು ಸಂಘದವರು ನನ್ನ ಹೆಸರು ಹೊಡದು ಹಾಕಿದ ಮ್ಯಾಲ ನಾ ಯಾಕ ಮೈಮ್ಯಾಲ ಬಿದ್ದು ಬರಲಿ? ಗುರುಗಳ ಸ್ಮರಣೆ ಸಭಾಕ್ಕೂ ನನಗೊಂದು ಸಾಲು ಬರೀಲಿಲ್ಲಲ್ಲ” ಎಂದುಬಿಟ್ಟರು. ನಮ್ಮಿಬ್ಬರಿಗೂ ವ್ಯಾಕರಣದ ಪಾಠ ಹೇಳಿದ ಗುರುಗಳ ಸ್ಮರಣಸಭೆಯದು. ಅಂದು ಎಲ್ಲರಿಗಿಂತ ಮೊದಲು ಮಾತಾಡಬೇಕಾದವರು ಅವರು. ಅವರು ಬಾರದಿದ್ದುದಕ್ಕೆ ನಾನೂ ಮನಸ್ಸಿನಲ್ಲಿ ನೊಂದಿದ್ದೆನು. ಯಾದಿಯನ್ನು ತೆಗೆದು ನೋಡಿದರೆ ಅವರ ಹೆಸರು ಇದ್ದಲ್ಲಿಯೇ ಇದ್ದಿತು. ಪ್ರತಿ ತಿಂಗಳೂ ನಮ್ಮಿಂದ ಪತ್ರ ಹೊರಟಂತೆಯೇ ಲೆಕ್ಕವಿದ್ದಿತು. ಹಾಗಾದರೆ ಆ ಪತ್ರಗಳು ಎಲ್ಲಿ ಹೋದವು? ಇದನ್ನು ಶೋಧಿಸಹೋದಾಗ ಕಲಿತದ್ದನ್ನು ಕ್ರಮವಾಗಿ ನಿವೇದಿಸುವೆನು.

ಕಾಗದದ ಟಪಾಲಿಗೆ ತಿಕೀಟೆಂಬುದೊಂದು ಕಡಿವಾಣ. ನಮ್ಮ ದೇಶದಲ್ಲಿ 1854ರಲ್ಲಿ ಕಾಲು ತೊಲೆಯ ಪತ್ರಕ್ಕೆ ಅರ್ಧ ಆಣೆಯಂತೆ, ದೂರವನ್ನೆಣಿಸದೆ ಒಂದೇ ದರವನ್ನು ಗೊತ್ತುಮಾಡಿ ತಿಕೀಟುಗಳನ್ನು ಜಾರಿಗೆ ತಂದರು. ಕಳಿಸುವವನೇ ಹಣ ತೆರಬೇಕಾದಲ್ಲಿ, ಕಂಡಕಂಡವರಿಗೆಲ್ಲ ಬರೆಯುವ ಉಮೇದು ತಾನಾಗಿಯೇ ಅಡಗುವದು. ಈ-ಮೇಲಿಗೆ ಅಂಥ ತಿಕೀಟಿಲ್ಲ. 1971ರಲ್ಲಿ ಅಮೇರಿಕೆಯ ರೇ ಟಾಮ್ಲಿನ್‌ಸನ್ ಎಂಬವರು ಒಂದು ಗಣಕದಿಂದ ಇನ್ನೊಂದಕ್ಕೆ ಪತ್ರ ಕಳಿಸಿದಾಗಲೂ, 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಅದರ ಸಾಗಾಟದ ನಿಯಮಗಳನ್ನು ಬರೆದಿಟ್ಟಾಗಲೂ, ಅದನ್ನು ಬಳಸುತ್ತಿದ್ದವರು ಬಹುಮಟ್ಟಿಗೆ ವಿದ್ಯಾಲಯಗಳ ಹಾಗೂ ಸಂಶೋಧನಶಾಲೆಗಳ ಜನರು. ಆದುದರಿಂದ ಬರೆದವನು ತನ್ನ ಹೆಸರೆಂದು ಯಾವದನ್ನು ಹೇಳುವನೋ ಅದನ್ನೇ ನಂಬುವ ಕಟ್ಟಳೆಯಾಯಿತು. ಅಗಳಿಯಿಲ್ಲದ ಬಾಗಿಲನ್ನು ಕಂಡು ಸುಮ್ಮನಿರುವವರಾರು? 1978ರ ಮೇ ತಿಂಗಳಲ್ಲಿಯೇ ಗ್ಯಾರಿ ಥುಯೆರ್ಕ್ ಎಂಬ ಗಣಕ ಕಂಪನಿಯ ನೌಕರರು ಸುಮಾರು 400 ಜನರಿಗೆ ಕೇಳದ ಜಾಹೀರಾತನ್ನು ಕಳಿಸಿಬಿಟ್ಟಿದ್ದರು. ಮುಂದೆ, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡನೆ 1996ರಲ್ಲಿ ಹಾಟ್‌ಮೇಲನ್ನು ತೆರೆದು, ಬೇಡಿದವರಿಗೆಲ್ಲ ಹಣವಿಲ್ಲದೆ ಪತ್ರಪೆಟ್ಟಿಗೆಯನ್ನು ಕೊಟ್ಟರು. ಓದುವವರು ಕೋಟಿಗಟ್ಟಲೆಯಾದರು, ಕೇಳದೆ ಬರೆಯುವವರೂ ಅದರಂತೆಯೇ ಹೆಚ್ಚಿದರು. ಇಂಥ ಬೇಡದ ಪತ್ರಗಳಿಗೆ ಸ್ಪ್ಯಾಮ್ ಎಂದು ಹೆಸರಾಯಿತು.

ಹೆಸರು ಹೇಳಿದ ಮಾತ್ರಕ್ಕೆ ನಂಬಲಾಗದೆಂಬುದು ನಮ್ಮ ಊರವರಿಗೆ ಹೊಸ ಪಾಠವೇನೂ ಅಲ್ಲ. ಕಾಖಂಡಕಿಯು ಮಹಿಪತಿದಾಸರ ಊರು. ಆದಿಲಶಾಹಿಯಲ್ಲಿ ಅಧಿಕಾರದಲ್ಲಿದ್ದು ಅದನ್ನು ತೊರೆದರೆಂದು ಪ್ರಸಿದ್ಧರಾದ ಆ ಮಹನೀಯರು ತಮ್ಮ ಹೆಸರನ್ನೇ ಅಂಕಿತವಾಗಿಟ್ಟು ಹಾಡಿದರು. ಮಗ ಕೃಷ್ಣದಾಸರು ತಂದೆಯ ಹೆಸರನ್ನು ತಮ್ಮ ಅಂಕಿತದಲ್ಲಿ ಸೇರಿಸಿಕೊಂಡರು. ಆದರೆ ಅಂಕಿತವನ್ನು ಬರೆಯಲು ಯಾರ ಕೈಯನ್ನೂ ಹಿಡಿಯುವಂತಿಲ್ಲ. ಸರ್ವಜ್ಞನ ಹೆಸರಿನಲ್ಲಿ ಎಷ್ಟು ತ್ರಿಪದಿಗಳು, ಪುರಂದರದಾಸರ ಹೆಸರಿನಲ್ಲಿ ಎಷ್ಟು ಪದಗಳು ಪರರಿಂದ ಬಂದು ಸೇರಿದವೆಂಬ ವಾದವು ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಅದಕ್ಕೆಂದೇ ಅರಸರು ತಮ್ಮ ಫರ್ಮಾನುಗಳಿಗೆ ಹೆಸರಿನೊಡನೆ ಮೊಹರನ್ನೂ ಒತ್ತಿಸುತ್ತಿದ್ದರು. ಈ-ಮೇಲಿಗೂ ಅಂಥ ಏರ್ಪಾಡುಗಳು 2006ರಿಂದ 2012ರ ವರೆಗೆ ಒಂದರ ಹಿಂದೊಂದು ಬಂದವು. ‘ನಮ್ಮ ಮನೆಯ ಪತ್ರವನ್ನು ಈ ಈ ಆಳುಗಳೇ ತರುವರು’ ಎಂದು ಚಾವಡಿಯಲ್ಲಿ ಬರೆದು ಹಚ್ಚಿದಂತೆ ಇರುವದು ಎಸ್‌ಪಿಎಫ್. ಪತ್ರವನ್ನು ದಾರಿಯಲ್ಲಿ ತಿದ್ದಿದರೆ ಕೂಡಲೆ ಬಯಲಾಗುವಂತೆ ಒತ್ತಿದ ಮೊಹರು ಡಿಕೆಐಎಂ. ಈ ಎರಡು ಗುರುತುಗಳೂ ತಾಳೆಯಾಗದಿದ್ದರೆ ಪತ್ರವನ್ನು ಒಳಗೆ ಬಿಡಬೇಕೋ, ಬೇರೆ ಇಡಬೇಕೋ, ಹೊರಗೆ ತಳ್ಳಬೇಕೋ ಎಂದು ಮನೆಯ ಯಜಮಾನನೇ ಕೊಟ್ಟಿರುವ ಸೂಚನೆಯು ಡಿಮಾರ್ಕ್.

ಆದರೆ ಮೊಹರಿನಿಂದ ‘ಇವನು ಇಂಥವನೇ’ ಎಂಬುದು ಸಿದ್ಧವಾಗುವದೇ ಹೊರತು ‘ಇವನು ಒಳ್ಳೆಯವನು’ ಎಂಬುದು ಸಿದ್ಧವಾಗುವದಿಲ್ಲ. ಠಕ್ಕನೂ ತನ್ನ ಹೆಸರಿನ ಮೊಹರನ್ನು ಕೊರೆಯಿಸಿಕೊಳ್ಳಬಲ್ಲನು. ಶಬ್ದವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕು, ಅಂದರೆ ಇದ್ದದ್ದನ್ನು ಇದ್ದಂತೆ ಹೇಳುವವನಾಗಿರಬೇಕು ಎಂದು ತರ್ಕಸಂಗ್ರಹದಲ್ಲಿ ನಾವು ಓದಿದ್ದೆವು. ಯಂತ್ರವು ಆಪ್ತನನ್ನು ಗುರುತಿಸುವದು ಹೇಗೆ? ಅದು ಮೊದಲು ಪತ್ರದೊಳಗಿನ ಶಬ್ದಗಳನ್ನು ಎಣಿಸಿ ನೋಡಿತು. ಥಾಮಸ್ ಬೇಯ್ಸ್ ಎಂಬ ಪಾದ್ರಿಯ, 1763ರಲ್ಲಿ ಪ್ರಕಟವಾದ ಸಂಭವದ ಗಣಿತವನ್ನು ಆಧರಿಸಿದ ಈ ಉಪಾಯವನ್ನು 2002ರಲ್ಲಿ ಪಾಲ್ ಗ್ರಹಾಂ ಎಂಬವರ ಲೇಖನವು ಪ್ರಚುರಪಡಿಸಿತು: ಯಾವ ಶಬ್ದವು ಬೇಡದ ಪತ್ರಗಳಲ್ಲಿ ಹೆಚ್ಚಾಗಿಯೂ ಬೇಕಾದ ಪತ್ರಗಳಲ್ಲಿ ಕಡಿಮೆಯಾಗಿಯೂ ಬರುವದೋ ಅದನ್ನು ಕೆಟ್ಟದರ ಚಿಹ್ನವೆಂದು ತಿಳಿಯುವದು. ಹೊಗೆಯಿಂದ ಬೆಂಕಿಯನ್ನು ಊಹಿಸಿದಂತಾಯಿತು. ಆದರೆ ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನವು ಕೆಡುವದು. ಲಾಟರಿಯವನ ಪತ್ರದಲ್ಲಿಯೂ ‘ಬಹುಮಾನ’ವಿರುವದು, ನಮ್ಮ ಸಂಘದ ನಿಬಂಧ ಸ್ಪರ್ಧೆಯ ಪತ್ರದಲ್ಲಿಯೂ ‘ಬಹುಮಾನ’ವಿರುವದು. ಲಕ್ಷಣವು ಹೊರಗಿನವನನ್ನೂ ಒಳಗೆ ಎಳೆದುಕೊಂಡರೆ ಅತಿವ್ಯಾಪ್ತಿ, ಒಳಗಿನವನನ್ನೇ ಬಿಟ್ಟುಕೊಟ್ಟರೆ ಅವ್ಯಾಪ್ತಿ. ಈ ಎರಡು ದೋಷಗಳಿಂದ ಯಂತ್ರವೂ ಪಾರಾಗಲಿಲ್ಲ.

ಆದುದರಿಂದ ಈಗಿನ ಯಂತ್ರಗಳು ಪತ್ರದ ಮಾತಿನೊಡನೆ ಬರೆದವನ ನಡತೆಯನ್ನೂ ತೂಗುತ್ತಿರುವವು. ಇವನು ಕಳಿಸಿದ್ದನ್ನು ಜನರು ತೆರೆದು ಓದುವರೋ, ಓದದೆ ಅಳಿಸುವರೋ? ಎಷ್ಟು ಜನರು ‘ಇದು ಸ್ಪ್ಯಾಮ್’ ಎಂಬ ಗುಂಡಿಯನ್ನೊತ್ತಿ ದೂರು ಕೊಟ್ಟರು? ಇಲ್ಲದ ವಿಳಾಸಗಳಿಗೆ ಇವನು ಎಷ್ಟು ಸಲ ಬರೆದನು? ನಿನ್ನೆಯ ವರೆಗೆ ಹತ್ತು ಪತ್ರ ಬರೆಯುತ್ತಿದ್ದವನು ಇಂದು ಒಮ್ಮೆಲೆ ಹತ್ತು ಸಾವಿರ ಬರೆಯುವದೇಕೆ? ಇಂಥ ಪ್ರಶ್ನೆಗಳ ಉತ್ತರಗಳನ್ನು ಕೂಡಿಸಿದರೆ ಬರುವದೇ ಕಳಿಸುವವನ ಪತ್ತು. 2024ರ ಫೆಬ್ರುವರಿಯಿಂದ ಗೂಗಲ್ ಹಾಗೂ ಯಾಹೂ ಕಂಪನಿಗಳು ಇದನ್ನು ಬಹಿರಂಗ ನಿಯಮವಾಗಿಯೇ ಮಾಡಿದವು. ಗೂಗಲ್ಲಿನ ಪೆಟ್ಟಿಗೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವನು ಮೇಲೆ ಹೇಳಿದ ಮೂರೂ ಗುರುತುಗಳನ್ನು ಇಟ್ಟುಕೊಂಡಿರಬೇಕು; ಜಾಹೀರಾತಿನ ಪತ್ರ ಬೇಡವೆಂದವನು ಒಂದೇ ಗುಂಡಿಯಿಂದ ಹೊರಬೀಳುವಂತಿರಬೇಕು, ಎರಡು ದಿನಗಳೊಳಗೆ ಅವನ ಮಾತು ನಡೆಯಬೇಕು. ಇನ್ನು ಚಿಕ್ಕವರು ದೊಡ್ಡವರೆನ್ನದೆ ಯಾರ ಪತ್ರಗಳ ಮೇಲೆಯೂ ದೂರು ಸಾವಿರಕ್ಕೆ ಮೂರನ್ನು ಮುಟ್ಟಬಾರದು. ಒಂದಕ್ಕಿಂತ ಕಡಿಮೆಯಿದ್ದರೆ ಲೇಸು. ನಮ್ಮ 400 ಜನರಲ್ಲಿ ಇಬ್ಬರು ಬೇಸರದಿಂದ ಆ ಗುಂಡಿಯನ್ನೊತ್ತಿದರೆ ಸಾವಿರಕ್ಕೆ ಐದಾಯಿತೆಂಬುದನ್ನು ಸುಜ್ಞ ವಾಚಕರು ಲೆಕ್ಕ ಹಾಕಿ ನೋಡಬಹುದು.

ಇನ್ನು ಮರಳಿದ ಪತ್ರಗಳ ವಿಚಾರ. ಮುಟ್ಟದ ಲಕೋಟೆಯ ಮೇಲೆ ಟಪಾಲಿನವನು ‘ಊರು ಬಿಟ್ಟಿದ್ದಾರೆ’, ‘ತೀರಿಕೊಂಡಿದ್ದಾರೆ’, ‘ಬಾಗಿಲು ಹಾಕಿದೆ’ ಎಂದು ಷರಾ ಬರೆದು ಮರಳಿಸುವನು. ಈ-ಮೇಲಿನ ಯಂತ್ರವೂ ಮೂರಂಕಿಯ ಷರಾ ಬರೆಯುವದು. 4ರಿಂದ ಆರಂಭವಾದರೆ ‘ಈಗ ಆಗದು, ತರುವಾಯ ಬಾ’ ಎಂದರ್ಥ. 5ರಿಂದ ಆರಂಭವಾದರೆ ‘ಇನ್ನು ಬರಬೇಡ’ ಎಂದರ್ಥ. ಅಂಥ ಪೆಟ್ಟಿಗೆಯೇ ಇಲ್ಲವೆಂಬುದಕ್ಕೆ ಸಾಮಾನ್ಯವಾಗಿ 550 ಎಂಬ ಷರಾ ಬರುವದು. ಇಲ್ಲದ ಮನೆಯ ಕದವನ್ನು ಮತ್ತೆ ಮತ್ತೆ ತಟ್ಟುವವನ ಪತ್ತು ಕೆಡುವದಾದ್ದರಿಂದ, ಪತ್ರ ಸಾಗಿಸುವ ಸಂಸ್ಥೆಗಳು ಒಂದು ತಡೆಯಾದಿಯನ್ನು ತಾವಾಗಿಯೇ ಇಟ್ಟುಕೊಳ್ಳುವವು. ಮರಳಿ ಬಂದ ವಿಳಾಸವೂ, ದೂರು ಕೊಟ್ಟವರ ವಿಳಾಸವೂ ಅದರಲ್ಲಿ ಸೇರುವವು. ಆ ಮೇಲೆ ನಾವು ಎಷ್ಟು ಸಲ ಬರೆದರೂ ಅದು ಹೊಸ್ತಿಲಿನಲ್ಲಿಯೇ ಉಳಿಯುವದು. ಈ ಏರ್ಪಾಡು ಅವಶ್ಯವಾದದ್ದು. ಬಿಟ್ಟುಹೋದ ಹಳೆಯ ವಿಳಾಸಗಳನ್ನು, ಯಾದಿಯನ್ನು ಶುದ್ಧವಾಗಿಡದವರನ್ನು ಹಿಡಿಯುವ ಬಲೆಯಾಗಿ ಒಡ್ಡುವ ಪದ್ಧತಿಯೂ ಉಂಟು. ಆದರೆ ಟಪಾಲಿನವನಿಗೆ ಇರುವ ದಾಕ್ಷಿಣ್ಯವು ಯಂತ್ರಕ್ಕಿಲ್ಲ. 2014ರಲ್ಲಿ ಬಿಜಾಪುರವು ವಿಜಯಪುರವಾದ ಮೇಲೂ ಹಳೆಯ ಹೆಸರು ಬರೆದ ಲಕೋಟೆಯು ನಮ್ಮ ಮನೆಗೆ ಬಂದು ಮುಟ್ಟಿತು. ಈ-ಮೇಲ್ ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ ಪತ್ರವು ಮರಳುವದು, ಇಲ್ಲವೆ ಪರರ ಕೈಸೇರುವದು.

ನಮ್ಮ ಗೆಳೆಯರ ಹೆಸರು ಸಿಕ್ಕದ್ದು ಇಂಥ ತಡೆಯಾದಿಯಲ್ಲಿಯೇ. ಅವರ ಪೆಟ್ಟಿಗೆಯಿದ್ದ ಗೂಗಲ್ ಖಾತೆಗೆ ಹಣವಿಲ್ಲದೆ ಕೊಡುವ ಸ್ಥಳವು 15 ಗಿಗಾಬೈಟ್; ಅದರಲ್ಲಿ ಪತ್ರಗಳೂ ಫೋಟೋಗಳೂ ಒಂದೇ ಕಣಜದಲ್ಲಿ ಸೇರುವವು. ಮೊಮ್ಮಗಳ ನಾಮಕರಣದ ಫೋಟೋಗಳಿಂದಲೂ ಚಲಚ್ಚಿತ್ರಗಳಿಂದಲೂ ಆ ಕಣಜವು ತುಂಬಿ, ಕೆಲವು ವಾರ ಹೊಸ ಪತ್ರಕ್ಕೆ ಎಡೆಯಿಲ್ಲದಂತಾಗಿದ್ದಿತು. ತುಂಬಿದ ಪೆಟ್ಟಿಗೆಗೂ 552 ಎಂಬ, 5ರಿಂದ ಆರಂಭವಾಗುವ ಷರಾ ಬರುವದುಂಟು. ಬಾಗಿಲು ಹಾಕಿದ ಮನೆಯನ್ನು ಬಿದ್ದುಹೋದ ಮನೆಯೆಂದು ಬರೆದಂತಾಯಿತು. ಮುಂದೆ ಅವರ ಮಗಳು ಕಣಜವನ್ನು ಖಾಲಿಮಾಡಿಕೊಟ್ಟರೂ ತಡೆಯಾದಿಯೊಳಗಿನ ಹೆಸರು ತಾನಾಗಿ ಅಳಿಯಲಿಲ್ಲ. ಕಾರ್ಯದರ್ಶಿಗಳು ಅದನ್ನು ಕೈಯಾರೆ ತೆಗೆದುಹಾಕಿದ ಮರುದಿನವೇ ಪತ್ರವು ಪುಣೆಗೆ ಮುಟ್ಟಿತು. ಸಂಗತಿ ತಿಳಿದು ಗೆಳೆಯರು ನಕ್ಕರು. ಗುರುಗಳ ಸಭೆಯಲ್ಲಿ ಆಡಬೇಕಾಗಿದ್ದ ಮಾತುಗಳನ್ನು ಆರು ಪುಟಗಳಲ್ಲಿ ಬರೆದು ಕಳಿಸಿದರು. ಆದರೆ ಗುರುಗಳ ಮನೆಯವರ ಎದುರಿಗೆ ನಿಂತು ಅವನ್ನು ಹೇಳುವ ದಿನವು ಕಳೆದುಹೋಗಿದ್ದಿತು.

ಯಂತ್ರವು ದುಷ್ಟವೆಂದು ನಾನು ಹೇಳಲಾರೆನು. ಅದಿಲ್ಲದಿದ್ದರೆ ದಿನಬೆಳಗಾದರೆ ಠಕ್ಕರ ಪತ್ರಗಳ ರಾಶಿಯಲ್ಲಿ ಮಗನ ಪತ್ರವನ್ನು ಹುಡುಕಬೇಕಾಗುತ್ತಿದ್ದಿತು. ಆದರೆ ಊರ ಪಂಚರು ದಂಡ ಹಾಕುವ ಮುಂಚೆ ಆರೋಪಿಯನ್ನು ಕರೆಯಿಸಿ ಕೇಳುವರು. ಇಲ್ಲಿ ತೀರ್ಪು ಆದದ್ದು ಬಹಳ ಸಲ ಕಳಿಸಿದವನಿಗೂ ತಿಳಿಯದು, ಪಡೆಯಬೇಕಾದವನಿಗೂ ತಿಳಿಯದು. ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತ ಕುಳಿತಿರುವರು. ಯಂತ್ರವು ಕೇಳದಿದ್ದ ಮಾತನ್ನು ಮನುಷ್ಯರಾದರೂ ಕೇಳಬೇಕಷ್ಟೆ.

ಅದಕ್ಕಾಗಿ ಕಳಿಸುವವರಿಗೆ ಒಂದೆರಡು ಮಾತು. ಮದುವೆಯ ಮಂಟಪದಲ್ಲಿ ಕೂಡಿದ ಜನರ ವಿಳಾಸಗಳನ್ನೆಲ್ಲ ಬರೆದುಕೊಂಡು ಯಾದಿ ಬೆಳೆಸುವದು ಸಲ್ಲದು. ಒಪ್ಪಿದವರಿಗೆ ಮಾತ್ರ ಬರೆಯಬೇಕು. ಬೇಡವೆಂದವರನ್ನು ಮುನಿಸಿಲ್ಲದೆ ಬಿಡಬೇಕು. ತಡೆಯಾದಿಯನ್ನು ತಿಂಗಳಿಗೊಮ್ಮೆ ತೆರೆದು, ನಮ್ಮವರ ಹೆಸರು ಕಂಡರೆ ಫೋನಿನಿಂದಾಗಲಿ ಕಾರ್ಡಿನಿಂದಾಗಲಿ ವಿಚಾರಿಸಿ, ಅವರು ಅಲ್ಲಿಯೇ ಇರುವರೆಂದು ತಿಳಿದರೆ ಮಾತ್ರ ತೆಗೆಯಬೇಕು. ತಿಳಿಯದೆ ಎಲ್ಲರನ್ನೂ ಒಮ್ಮೆಲೆ ತೆಗೆದರೆ ಇದ್ದ ಪತ್ತೂ ಹೋಗುವದು. 1904ರ ಕಾಯದೆಯಂತೆ ಹಳ್ಳಿಯ ಪತ್ತಿನ ಸಂಘಗಳಲ್ಲಿ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನು ಮುಳುಗಿಸಿದ ಸಾಲವು ಎಲ್ಲರ ಮೇಲೆ ಬರುತ್ತಿದ್ದಿತು. ಒಂದೇ ಸಾಗಾಟದ ಯಂತ್ರವನ್ನು ಅನೇಕರು ಹಂಚಿಕೊಂಡಿರುವಲ್ಲಿ ಇಂದಿಗೂ ಅದೇ ಗತಿ: ನೆರೆಯವನ ಕೆಟ್ಟ ನಡತೆಯು ನಮ್ಮ ಪತ್ರವನ್ನೂ ತಡೆಯಬಲ್ಲದು, ನಮ್ಮದು ಅವನದನ್ನೂ.

ಪಡೆಯುವವರಾದ ತಮ್ಮಲ್ಲಿಯೂ ಒಂದು ಬಿನ್ನಹವುಂಟು. ಸಂಘದ ಪತ್ರ ಬೇಡವಾದರೆ ಅದರ ಕೆಳಗಿರುವ ‘ಬಿಡಿಸಿರಿ’ ಎಂಬುದನ್ನು ಒತ್ತಿರಿ. ದೂರಿನ ಗುಂಡಿಯನ್ನು ಠಕ್ಕರಿಗಾಗಿ ಮೀಸಲಿಡಿರಿ. ಸಂಘದ ವಿಳಾಸವನ್ನು ತಮ್ಮ ವಿಳಾಸಪುಸ್ತಕದಲ್ಲಿ ಸೇರಿಸಿಕೊಳ್ಳಿರಿ. ಪೆಟ್ಟಿಗೆಯಲ್ಲಿ ಸ್ಥಳವಿರುವಂತೆ ನೋಡಿಕೊಳ್ಳಿರಿ. ವಾರಕ್ಕೊಮ್ಮೆ ಆ ಸ್ಪ್ಯಾಮಿನ ಪೆಟ್ಟಿಗೆಯನ್ನು ತೆರೆದು, ಹಣದ ಆಸೆ ತೋರಿಸುವ ಪತ್ರಗಳನ್ನು ಮುಟ್ಟದೆ ಬಿಟ್ಟು, ಪರಿಚಯದ ಹೆಸರು ಕಂಡರೆ ‘ಇದು ಸ್ಪ್ಯಾಮ್ ಅಲ್ಲ’ ಎಂದು ಒತ್ತಿ ಈಚೆಗೆ ತನ್ನಿರಿ. ಆ ಒಂದು ಒತ್ತು ಆ ಬಡಪಾಯಿಯ ಪರವಾಗಿ ತಾವು ಹೇಳಿದ ಸಾಕ್ಷಿಯೆಂದು ತಿಳಿಯಿರಿ. ಯಾರಿಂದಲಾದರೂ ಪತ್ರ ಬರಲಿಲ್ಲವೆಂದು ಮನಸ್ಸು ಕಹಿಯಾಗತೊಡಗಿದರೆ, ಆ ಕಹಿಯು ಬಲಿಯುವ ಮುಂಚೆ ಅವರಿಗೊಂದು ಫೋನು ಮಾಡಿರೆಂದು ಪ್ರಾರ್ಥಿಸಿ ಲೇಖನಿಯನ್ನು ಕೆಳಗಿಡುವೆನು.