ಬಣ್ಣದ ಮನೆಯ ಹುಡುಗ

ರಂಗಭೂಮಿಯೆಂದೊಡನೆ ಬಳ್ಳಾರಿಯವರಾದ ನಮಗೆ ಮೊದಲು ನೆನಪಾಗುವವರು ರಾಘವರು (1880–1946). ಅವರು ವಕೀಲರು, ಓದು ಮುಗಿಸಿ, ವೃತ್ತಿಯಲ್ಲಿ ನೆಲೆನಿಂತು, ಅನಂತರ ನಟರಾಗಿ ಕೀರ್ತಿ ಪಡೆದವರು. ಓದಿಗಿಂತ ಮೊದಲೇ ಬಣ್ಣ ಹಚ್ಚಿಕೊಂಡ ಇನ್ನೊಬ್ಬರ ಬಾಳನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಜಿ. ವಿ. ಅಯ್ಯರ್ 1917ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ಎಂಟನೆಯ ವಯಸ್ಸಿಗೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಆ ವಯಸ್ಸಿನಲ್ಲಿ ನೀವು ಮೂರನೆಯ ತರಗತಿಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದಿರಿ! ಕಂಪನಿಯ ಬಾಲನಟರಿಗಾದರೋ ಊರಿಂದೂರಿಗೆ ಅಲೆದಾಟ, ರಾತ್ರಿ ಆಟ, ಹಗಲು ತಾಲೀಮು. ಪ್ರಹ್ಲಾದನಾಗಿಯೋ ಲೋಹಿತಾಶ್ವನಾಗಿಯೋ ಮೆರೆದ ಹುಡುಗನ ಕಂಠ ಒಡೆಯಿತೆಂದರೆ ಆ ಪಾತ್ರ ಮತ್ತೊಬ್ಬನ ಪಾಲಾಗುತ್ತಿತ್ತು. ಅತ್ತ ಶಾಲೆಯೂ ಇಲ್ಲ, ಇತ್ತ ಪಾತ್ರವೂ ಇಲ್ಲ. ಎಷ್ಟೋ ಹುಡುಗರು ಅಲ್ಲಿಗೇ ಮರೆಯಾದರು. ಬಾಲನಟರನ್ನು ಹೊಗಳುವವರು ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂಬುದು ನನ್ನ ದೂರು.

ಆದರೂ ಅಲ್ಲಿ ಒಂದು ವಿದ್ಯೆ ದೊರೆಯುತ್ತಿತ್ತು. ಪರದೆಯ ಮರೆಯಲ್ಲಿ ನಿಂತ ಹುಡುಗ ಒಂದೇ ಸಂಭಾಷಣೆಯನ್ನು ನೂರು ರಾತ್ರಿ ಕೇಳುತ್ತಿದ್ದ. ಯಾವ ಮಾತಿಗೆ ಜನ ನಕ್ಕರು, ಯಾವ ಮಾತು ಉದ್ದವಾಗಿ ಅವರು ಕೆಮ್ಮತೊಡಗಿದರು, ಎಲ್ಲಿ ಪಾತ್ರಧಾರಿ ಮೌನವಾಗಿದ್ದರೇ ಮೇಲು ಎಂಬುದೆಲ್ಲ ಅವನಿಗೆ ಕಿವಿಯಿಂದಲೇ ತಿಳಿಯುತ್ತಿತ್ತು. ಇದನ್ನು ಯಾವ ವ್ಯಾಕರಣವೂ ಕಲಿಸಲಾರದು. ನಾನೇ ಮೂವತ್ತು ವರ್ಷ ವ್ಯಾಕರಣ ಕಲಿಸಿದವನು.

ಅಯ್ಯರ್ ಅವರು ಅನ್ಯರ ಮಾತುಗಳನ್ನು ಆಡಿದ್ದು ಸಾಲದೆಂದು ಲೇಖನಿ ಹಿಡಿದರು. ಕನ್ನಡ ಚಿತ್ರಗಳ ನಿರ್ಮಾಣ ಕುಂಠಿತವಾಗಿದ್ದ ಕಾಲದಲ್ಲಿ ಅವರು ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಅವರೊಡನೆ ಕಲಾವಿದರ ಸಂಘವೊಂದನ್ನು ಕಟ್ಟಿದರು. ಆ ಸಂಘದಿಂದ 1960ರಲ್ಲಿ ಬಂದ 'ರಣಧೀರ ಕಂಠೀರವ'ಕ್ಕೆ ಸಂಭಾಷಣೆ ಬರೆದವರು ಅಯ್ಯರ್. ರಾಜಕುಮಾರರೂ ಗುಬ್ಬಿ ಕಂಪನಿಯಲ್ಲಿ ಬೆಳೆದವರೇ. ಒಬ್ಬ ಬರೆದ, ಇನ್ನೊಬ್ಬ ನುಡಿದ. ಇಬ್ಬರದೂ ಒಂದೇ ಗರಡಿ.

1983ರಲ್ಲಿ ಅವರು 'ಆದಿ ಶಂಕರಾಚಾರ್ಯ'ವನ್ನು ಸಂಸ್ಕೃತದಲ್ಲಿಯೇ ನಿರ್ದೇಶಿಸಿದರು. ಅದು ಆ ಭಾಷೆಯ ಮೊದಲ ಚಲನಚಿತ್ರ. ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೊಂದಿಗೆ ಚಿತ್ರಕಥೆಯ ಪ್ರಶಸ್ತಿಯೂ ಅವರಿಗೆ ಸಂದಿತು. ಎಂಟನೆಯ ವಯಸ್ಸಿಗೇ ಕಂಪನಿ ಸೇರಿದ್ದ ಹುಡುಗನ ಕೈಯಲ್ಲಿ ಶಂಕರರ ಭಾಷೆ!

ಮುಂದೆ ಹೊಯ್ಸಳರ ರಾಣಿ ಶಾಂತಲೆಯನ್ನು ಕುರಿತು ದೂರದರ್ಶನದ ಧಾರಾವಾಹಿಯನ್ನೂ ಮಾಡಿದರು. 2003ರಲ್ಲಿ ತೀರಿಕೊಂಡರು. ದೂರದರ್ಶನದ ಪ್ರೇಕ್ಷಕ ತನ್ನ ಮನೆಯಲ್ಲಿ ಕುಳಿತಿರುತ್ತಾನೆ. ಅವನ ನಗೆಯಾಗಲಿ ಕೆಮ್ಮಾಗಲಿ ಬರೆಯುವವನಿಗೆ ಕೇಳಿಸುವುದಿಲ್ಲ. ಪರದೆಯ ಮರೆಯಲ್ಲಿ ಬೆಳೆದವನಾದರೆ ಅವನ್ನು ಮೊದಲೇ ಕೇಳಿಟ್ಟುಕೊಂಡಿರುತ್ತಾನೆ.