ಮಗುಚಿದ ಕೇಕು

ಎಂಟನೇ ಸೆಮಿಸ್ಟರ್ ಮುಗಿದಿತ್ತು. ರೂಮು ಖಾಲಿ ಮಾಡೋಕೆ ಇನ್ನೆರಡೇ ದಿನ. ತಳ್ಳುಗಾಡಿಯಲ್ಲಿ ಹಿಮಾಚಲದ ಪ್ಲಮ್ ಹಣ್ಣು ಕಂಡು, ನಾವು ನಾಲ್ವರೂ ಕೇಕು ಮಾಡೋಣ ಅಂದ್ಕೊಂಡ್ವಿ.

ಓವನ್ ಎಲ್ಲಿಂದ ಬರಬೇಕು? ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ತೆಗೆದು ತಳಕ್ಕೆ ಉಪ್ಪು ಹರಡಿದೆವು. ಪಾತ್ರೆಯಲ್ಲಿ ಮೊದಲು ಬೆಣ್ಣೆ, ಬೆಲ್ಲ, ಅದರ ಮೇಲೆ ಬೀಜ ತೆಗೆದ ಹಣ್ಣಿನ ಹೋಳು, ಕೊನೆಗೆ ಹಿಟ್ಟು. ಸಣ್ಣ ಉರಿಯಲ್ಲಿ 50 ನಿಮಿಷ.

ಅಷ್ಟೂ ಹೊತ್ತು ಯಾರೂ ಸರಿಯಾಗಿ ಮಾತಾಡಲಿಲ್ಲ. ನಮ್ಮಲ್ಲಿ ಮೂವರಿಗೆ ಕೆಲಸ ಸಿಕ್ಕಿತ್ತು, ಒಬ್ಬನಿಗೆ ಇಲ್ಲ. ಆ ವಿಷಯ ಎತ್ತೋಕೆ ಎಲ್ಲರಿಗೂ ಭಯ.

ಈ ಕೇಕನ್ನು ಬಿಸಿಬಿಸಿಯಾಗೇ ಮಗುಚಿದರೆ ಒಡೆಯುತ್ತೆ. ಪೂರ್ತಿ ಆರಿದರೆ ಬೆಲ್ಲ ಗಟ್ಟಿಯಾಗಿ ಹಣ್ಣು ತಳಕ್ಕೆ ಅಂಟುತ್ತೆ. 10 ನಿಮಿಷ ಬಿಟ್ಟು, ತಟ್ಟೆ ಮುಚ್ಚಿ, ಒಂದೇ ಸಲಕ್ಕೆ ಮಗುಚಬೇಕು. ನಾವು ಹಿಂದೆ ಮುಂದೆ ನೋಡ್ತಿದ್ವಿ. "ಕೊಡ್ರೋ ಇಲ್ಲಿ" ಅಂತ ಅವನೇ ಮಗುಚಿದ.

ಎರಡು ಹೋಳು ಪಾತ್ರೆಯಲ್ಲೇ ಉಳಿದವು. ಚಮಚದಲ್ಲಿ ಎಬ್ಬಿಸಿ ಖಾಲಿ ಜಾಗಕ್ಕೆ ಕೂರಿಸಿದ. "ಲೇಟಾಯ್ತು ಅಷ್ಟೇ, ಇವಕ್ಕೂ ಜಾಗ ಇದೆ ಕಣ್ರೋ" ಅಂದ. ಮೊದಲು ನಕ್ಕಿದ್ದೂ ಅವನೇ.

ಆಮೇಲೆ ಶುರುವಾದ ಮಾತು ರಾತ್ರಿ ಎರಡಾದರೂ ಮುಗಿಯಲಿಲ್ಲ. ಕೇಕು ಮಾತ್ರ ಐದೇ ನಿಮಿಷಕ್ಕೆ ಮುಗಿದಿತ್ತು.